ತಿಥಿ ನೋಡಿ ನಕ್ಕವರು

ನಮ್ಮೂರಲ್ಲಿ ಸಿನಿಮಾ ಶುರುವಾಗುವುದನ್ನು ಸಾರುತ್ತಿದ್ದವನು ಸಾಕ್ಷಾತ್ ವೆಂಕಟರಮಣ. ಅರಸೀಕೆರೆ ಪಕ್ಕದ ಮಾಲೇಕಲ್ಲು ತಿರುಪತಿಯಲ್ಲಿ ಬೆಟ್ಟದ ಮೇಲೆ ವೆಂಕಟರಮಣಸ್ವಾಮಿ, ಬುಡದಲ್ಲಿ ಗೋವಿಂದರಾಜಸ್ವಾಮಿ, ನಡುವೆ ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಆಷಾಢದಲ್ಲಿ ತೇರು. ನಾನು ಹುಡುಗನಾಗಿದ್ದ 1980ರ ಆಸುಪಾಸಿನಲ್ಲಿ ಬೆಟ್ಟದ ಕೆಳಗಿನ ನಮಗೆ ಸಿನಿಮಾ ಎಂದರೆ ಟೆಂಟು. ಸಂಜೆ ಗಾಳಿಯಲ್ಲಿ ಘಂಟಸಾಲರ ವೆಂಕಟೇಶನ ಹಾಡು ಕೇಳಿತೆಂದರೆ ಟಿಕೆಟ್ ಕೊಡಲು ಶುರು ಮಾಡಿದ್ದಾರೆ ಎಂದರ್ಥ. ನಮ್ಮಜ್ಜಿ ಮೊದಲು ಬೆಟ್ಟದ ಕಡೆ ತಿರುಗಿ ಕೈ ಮುಗಿಯುತ್ತಿದ್ದಳು, ಆಮೇಲೆ ಎಲೆಯಡಿಕೆ ಚೀಲದಿಂದ ನೆಲದ ಟಿಕೆಟ್ಟಿಗೆ ಚಿಲ್ಲರೆ ತೆಗೆಯುತ್ತಿದ್ದಳು.

ಆ ಟೆಂಟಿನ ಪ್ರೇಕ್ಷಕರಿಗೆ ಯಾವಾಗ ನಗಬೇಕು ಎಂಬುದರಲ್ಲಿ ಗೊಂದಲವಿರಲಿಲ್ಲ. ನರಸಿಂಹರಾಜು ಬಂದಾಗ ನಗಬೇಕು. 1923ರಲ್ಲಿ ಪಕ್ಕದ ತಿಪಟೂರಿನಲ್ಲಿ ಹುಟ್ಟಿ, 1954ರ ‘ಬೇಡರ ಕಣ್ಣಪ್ಪ’ದಿಂದ ಸಿನಿಮಾಕ್ಕೆ ಬಂದ ಈ ಮನುಷ್ಯನನ್ನು ನಮ್ಮ ಕಡೆಯವರು ಮನೆಯ ಅಳಿಯನ ಹಾಗೆ ನೋಡುತ್ತಿದ್ದರು. 1979ರಲ್ಲಿ ಅವರು ತೀರಿಕೊಂಡ ಮೇಲೂ ಟೆಂಟಿನಲ್ಲಿ ಅವರ ಹಳೆಯ ಚಿತ್ರಗಳು ಬರುತ್ತಲೇ ಇದ್ದವು, ಜನ ನಗುತ್ತಲೇ ಇದ್ದರು. ಅಳುವ ದೃಶ್ಯ ಬೇರೆ, ನಗುವ ದೃಶ್ಯ ಬೇರೆ. ಹೆಣ ಇದ್ದ ಮನೆಯಲ್ಲಿ ಯಾರೂ ನಗುತ್ತಿರಲಿಲ್ಲ, ಪರದೆಯ ಮೇಲಂತೂ ಇಲ್ಲವೇ ಇಲ್ಲ.

ಇದನ್ನೆಲ್ಲ ಹೇಳಲು ಕಾರಣ, ಹೆಣದಿಂದಲೇ ಶುರುವಾಗುವ ಒಂದು ಹಾಸ್ಯಚಿತ್ರವನ್ನು ನಾನು 2016ರಲ್ಲಿ ಎರಡು ಸಲ, ಎರಡು ಬಗೆಯ ಜನರ ನಡುವೆ ಕೂತು ನೋಡಿದೆ. ಎರಡೂ ಕಡೆ ನಕ್ಕರು. ಆದರೆ ನಕ್ಕ ಜಾಗಗಳು ಬೇರೆಯಾಗಿದ್ದವು. ಆ ವ್ಯತ್ಯಾಸ ನನ್ನ ಮನೆಯ ಹಳೆಯ ಕಡತವೊಂದನ್ನು ಬಿಚ್ಚಿಸಿತು.

ಚಿತ್ರ ‘ತಿಥಿ’. ನಿರ್ದೇಶಕ ರಾಮ್ ರೆಡ್ಡಿ, ಅವರ ಮೊದಲ ಪೂರ್ಣಪ್ರಮಾಣದ ಚಿತ್ರ. ಕಥೆಯಲ್ಲಿ ಜೊತೆಗಾರರು ಈರೇಗೌಡ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಈರೇಗೌಡರ ಊರು. ಅಲ್ಲಿಯ ಮತ್ತು ಸುತ್ತಲಿನ ಜನರನ್ನೇ ಪಾತ್ರಗಳಾಗಿಸಿ ಮಾಡಿದ ಸಿನಿಮಾ. ನಟನೆ ಕಲಿತವರು ಇಲ್ಲ, ಹಾಡು ಕುಣಿತ ಇಲ್ಲ, ಇಲ್ಲಿ ನಗಿ ಎಂದು ತಿವಿದು ಹೇಳುವ ಹಿನ್ನೆಲೆ ಸಂಗೀತವೂ ಇಲ್ಲ.

ಕಥೆ ನಮ್ಮ ಯಾವ ಊರಲ್ಲಾದರೂ ನಡೆಯಬಹುದಾದದ್ದು. ನೂರಾ ಒಂದು ವರ್ಷದ ಸೆಂಚುರಿಗೌಡ ದಾರಿಹೋಕರನ್ನು ಬೈಯುತ್ತ ಕೂತಿದ್ದವನು ಪ್ರಾಣ ಬಿಡುತ್ತಾನೆ. ಮಗ ಗಡ್ಡಪ್ಪನಿಗೆ ಆಸ್ತಿ ಬೇಡ, ಮನೆ ಬೇಡ. ಬೀಡಿ, ಸಣ್ಣದೊಂದು ಬ್ರಾಂದಿ ಬಾಟಲಿ, ನಡೆಯಲು ಹೊಲದ ಬದು ಇದ್ದರೆ ಸಾಕು. ಮೊಮ್ಮಗ ತಮ್ಮಣ್ಣನಿಗೆ ಮಾತ್ರ ಭೂಮಿ ಬೇಕು, ಅದನ್ನು ಮಾರಬೇಕು. ಪಹಣಿ ಇನ್ನೂ ತಾತನ ಹೆಸರಲ್ಲಿದೆ. ತಾತನಿಂದ ಮೊಮ್ಮಗನಿಗೆ ಬರಬೇಕಾದರೆ ನಡುವೆ ಅಪ್ಪ ನಿಂತಿದ್ದಾನೆ. ಅಪ್ಪ ರುಜು ಹಾಕುವುದಿಲ್ಲ. ಹಾಗಾಗಿ ಮಗ ಅಪ್ಪನ ಕೈಗೆ ಒಂದಿಷ್ಟು ದುಡ್ಡು ಕೊಟ್ಟು ಊರು ಸುತ್ತಿಕೊಂಡು ಬಾ ಎಂದು ಕಳಿಸಿ, ಇತ್ತ ಅವನ ಮರಣಪತ್ರ ಮಾಡಿಸುತ್ತಾನೆ. ಮೊಮ್ಮಗ ಅಭಿ ಕುರಿಗಾರರ ಹುಡುಗಿಯ ಹಿಂದೆ ಬಿದ್ದಿದ್ದಾನೆ. ಹನ್ನೊಂದನೇ ದಿನದ ತಿಥಿಯ ಊಟದ ಹೊತ್ತಿಗೆ ಸತ್ತವನೆಂದು ಕಾಗದದಲ್ಲಿ ಬರೆಸಿಕೊಂಡ ಗಡ್ಡಪ್ಪ ಬಂದು ನಿಲ್ಲುತ್ತಾನೆ.

ಈ ಚಿತ್ರವನ್ನು ಮೊದಲು ನೋಡಿದವರು ನಮ್ಮವರಲ್ಲ. 2015ರ ಆಗಸ್ಟಿನಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಅದು ತೆರೆ ಕಂಡಿತು. ಹೊಸ ನಿರ್ದೇಶಕರ ವಿಭಾಗದಲ್ಲಿ ಚಿನ್ನದ ಚಿರತೆ ಪ್ರಶಸ್ತಿ, ಜೊತೆಗೆ ಮೊದಲ ಚಿತ್ರಕ್ಕೆ ಕೊಡುವ ಪ್ರಶಸ್ತಿ, ಎರಡನ್ನೂ ಗೆದ್ದಿತು. ಮುಂದೆ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರವಾಯಿತು. ನಮ್ಮ ಚಿತ್ರಮಂದಿರಗಳಿಗೆ ಬಂದದ್ದು 2016ರ ಮೇ 6ರಂದು.

ಲೊಕಾರ್ನೊ ಎಂಬ ಹೆಸರು ಕೇಳಿದಾಗ ಹಳೆಯ ಸಿನಿಮಾ ಓದಿನವರಿಗೆ ಇನ್ನೊಂದು ನೆನಪಾಗಬೇಕು. 1972ರಲ್ಲಿ ಅದೇ ಉತ್ಸವದಲ್ಲಿ ಕಂಚಿನ ಚಿರತೆ ಪಡೆದ ಕನ್ನಡ ಚಿತ್ರ ‘ಸಂಸ್ಕಾರ’. ಅದನ್ನು ಮಾಡಿದವರೂ ಒಬ್ಬ ರೆಡ್ಡಿ, ಪಟ್ಟಾಭಿರಾಮ ರೆಡ್ಡಿ. ಅವರಿಗೂ ಅದು ಮೊದಲ ಚಿತ್ರ. ಅಲ್ಲಿ ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್, ಇಲ್ಲಿ ಡೊರೊನ್ ಟೆಂಪರ್ಟ್, ಇಬ್ಬರೂ ಹೊರನಾಡಿನವರು. ಅಲ್ಲೂ ಕಥೆ ಶುರುವಾಗುವುದು ಒಂದು ಸಾವಿನಿಂದ, ಮುಂದಕ್ಕೆ ಹೋಗುವುದು ಸತ್ತವನಿಗೆ ಮಾಡಬೇಕಾದ ಕರ್ಮದ ಸುತ್ತ. ಎರಡಕ್ಕೂ ನಡುವೆ, 1977ರಲ್ಲಿ, ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’. ಸಂಸ್ಕಾರ, ಘಟಶ್ರಾದ್ಧ, ತಿಥಿ. ಕನ್ನಡ ಸಿನಿಮಾವನ್ನು ಹೊರಗಿನವರು ತಿರುಗಿ ನೋಡುವಂತೆ ಮಾಡಿದ ಮೂರು ಚಿತ್ರಗಳ ಹೆಸರೂ ಸತ್ತವರ ಕ್ರಿಯೆಯದೇ. ಘಟಶ್ರಾದ್ಧವಂತೂ ಬದುಕಿರುವವಳಿಗೇ ಮಾಡುವ ಶ್ರಾದ್ಧ.

ಆದರೆ ಮೊದಲ ಎರಡನ್ನು ನೋಡಿದವರು ನಗಲಿಲ್ಲ. ‘ಸಂಸ್ಕಾರ’ಕ್ಕೆ ಮದರಾಸಿನ ಸೆನ್ಸಾರ್ ಮಂಡಳಿ ಅನುಮತಿಯನ್ನೇ ಕೊಟ್ಟಿರಲಿಲ್ಲ. ಜಗಳವಾಡಿ ಬಿಡಿಸಿಕೊಂಡ ಮೇಲೆ 1970ರ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು. ಆ ಎರಡೂ ಚಿತ್ರಗಳ ಅಗ್ರಹಾರದಲ್ಲಿ ಪ್ರಶ್ನೆ ಧರ್ಮದ್ದು: ಶಾಸ್ತ್ರ ಏನು ಹೇಳುತ್ತದೆ, ಯಾರು ಬೆಂಕಿ ಕೊಡಬೇಕು, ಯಾರನ್ನು ಹೊರಗಿಡಬೇಕು. ‘ತಿಥಿ’ಯ ಊರಿನಲ್ಲಿ ಶಾಸ್ತ್ರಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ದಿನ ಗೊತ್ತು, ಕ್ರಮ ಗೊತ್ತು, ಊಟಕ್ಕೆ ಎಷ್ಟು ಜನ ಎಂಬುದು ಗೊತ್ತಾದರೆ ಆಯಿತು. ಅಲ್ಲಿ ಎಲ್ಲರೂ ಹೆದರುವುದು ಬೇರೊಂದು ಶಾಸ್ತ್ರಕ್ಕೆ, ತಾಲ್ಲೂಕು ಕಚೇರಿಯ ಶಾಸ್ತ್ರಕ್ಕೆ. ನಲವತ್ತೈದು ವರ್ಷಗಳಲ್ಲಿ ನಮ್ಮ ಸಿನಿಮಾದ ಸಾವು ಮಠದಿಂದ ಎದ್ದು ಕಚೇರಿಯ ಬಾಗಿಲಿಗೆ ಬಂದಿತ್ತು.

ನಾನು ಮೊದಲ ಸಲ ನೋಡಿದ್ದು ಬೆಂಗಳೂರಿನ ಮಾಲ್ ಒಂದರಲ್ಲಿ. ಕೆಳಗೆ ಇಂಗ್ಲಿಷ್ ಅಡಿಬರಹ ಓಡುತ್ತಿತ್ತು. ಒಂದೊಂದು ಮಾತಿಗೂ ಎರಡು ನಗು ಕೇಳುತ್ತಿತ್ತು. ಓದಿದವರದು ಮೊದಲು, ಕಿವಿಯಲ್ಲಿ ಕೇಳಿದವರದು ಆಮೇಲೆ. ಸೆಂಚುರಿಗೌಡನ ಬೈಗುಳಕ್ಕೆ ಜೋರು ನಗು. ಗಡ್ಡಪ್ಪ ಬಾಟಲಿ ತೆಗೆದಾಗಲೆಲ್ಲ ನಗು. ಹೊರಗೆ ಬಂದಾಗ ಮೆಟ್ಟಿಲ ಬಳಿ ಬಿದ್ದ ಮಾತುಗಳು ನೆನಪಿವೆ. ‘ಎಷ್ಟು ನ್ಯಾಚುರಲ್ ಅಲ್ವಾ, ಆಕ್ಟ್ ಮಾಡ್ತಿದಾರೆ ಅಂತಾನೇ ಅನ್ಸಲ್ಲ’ ಎಂದಳು ಒಬ್ಬ ಹುಡುಗಿ. ‘ಸ್ವಲ್ಪ ಸ್ಲೋ’ ಎಂದ ಅವಳ ಜೊತೆಗಾರ. ‘ಆ ತಾತನಿಗೇ ಅವಾರ್ಡ್ ಕೊಡ್ಬೇಕಿತ್ತು’ ಎಂದರು ನನ್ನ ವಯಸ್ಸಿನವರೊಬ್ಬರು. ಯಾವುದೂ ತಪ್ಪು ಮಾತಲ್ಲ. ಆದರೆ ಅವರೆಲ್ಲ ನಗುತ್ತಿದ್ದದ್ದು ಆ ಜನ ಹೇಗಿದ್ದಾರೆ ಎಂಬುದಕ್ಕೆ. ಕಾಗದಪತ್ರದ ದೃಶ್ಯಗಳಲ್ಲಿ ಸಭೆ ಕಾಫಿ ಹೀರುತ್ತಿತ್ತು.

ನಾನು ಮಾತ್ರ ಅಲ್ಲಿ ಮೈ ಹಿಡಿ ಮಾಡಿಕೊಂಡು ಕೂತಿದ್ದೆ. ಯಾಕೆಂದು ಮುಂದೆ ಹೇಳುತ್ತೇನೆ.

ಚಿತ್ರರಂಗಕ್ಕೂ ಆ ಮೊದಲ ನಗುವೇ ಕೇಳಿಸಿರಬೇಕು. ‘ತಿಥಿ’ಯ ಅಜ್ಜಂದಿರನ್ನು ಹಾಕಿಕೊಂಡು ಅದೇ ವರ್ಷ ‘ತರ್ಲೆ ವಿಲೇಜ್’ ಬಂತು, ಇನ್ನೂ ಕೆಲವು ಬಂದವು. ಬೈಗುಳವೂ ಗಡ್ಡವೂ ಸಿಕ್ಕವು, ಮರಣಪತ್ರ ಸಿಗಲಿಲ್ಲ. ಸೆಂಚುರಿಗೌಡನಾಗಿದ್ದ ಸಿಂಗ್ರಿಗೌಡರು ಚಿತ್ರದಲ್ಲಿ ಮೊದಲಿಗೇ ಸಾಯುತ್ತಾರೆ. ನಿಜದಲ್ಲಿ, ತಮ್ಮ ತಿಥಿಯನ್ನು ತಾವೇ ಪರದೆಯ ಮೇಲೆ ಬಿಟ್ಟು, 2020ರವರೆಗೆ ಬದುಕಿದ್ದರು.

ಎರಡನೇ ಸಲ ನೋಡಿದ್ದು ಊರಲ್ಲಿ, ಆ ವರ್ಷದ ಮಾರ್ಲಮಿಗೆ. ಸತ್ತವರಿಗೆ ಎಡೆ ಇಡುವ ಹಬ್ಬ. ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ ಮೂವರ ಸಂಸಾರವೂ ಹಳೇ ಮನೆಯಲ್ಲಿ ಸೇರಿತ್ತು. ತಿಪಟೂರು ಕಡೆಗೆ ಕೊಟ್ಟಿದ್ದ ಅತ್ತೆಯೂ ಬಂದಿದ್ದಳು. ತಾತನ ಫೋಟೋದ ಮುಂದೆ ಮುದ್ದೆ, ಬಾಡಿನ ಸಾರು, ವಡೆ, ಪಂಚೆ, ಬೀಡಿ ಕಟ್ಟು. ಊಟ ಮುಗಿದು ಎಲೆಯಡಿಕೆ ಹಾಕಿಕೊಂಡು ಕೂತಾಗ ನಾನು ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿದೆ. ‘ಹೆಸರೇನ್ಲಾ?’ ಎಂದರು ದೊಡ್ಡಪ್ಪ. ‘ತಿಥಿ’ ಎಂದೆ. ‘ಹಬ್ಬದ ದಿನ ಒಳ್ಳೇ ಹೆಸ್ರು ತಂದೆ’ ಎಂದು ಮುಖ ಸಿಂಡರಿಸಿದರು, ಎದ್ದು ಮಾತ್ರ ಹೋಗಲಿಲ್ಲ.

ಅಲ್ಲಿ ಬೈಗುಳಕ್ಕೆ ಯಾರೂ ನಗಲಿಲ್ಲ. ಅದು ಮಾತು, ಅಷ್ಟೆ. ಗಡ್ಡಪ್ಪನ ಬಾಟಲಿಗೆ ಚಿಕ್ಕಪ್ಪ ಒಮ್ಮೆ ಗಂಟಲು ಸರಿಮಾಡಿಕೊಂಡರು. ನಗು ಮೊದಲು ಎದ್ದದ್ದು ತಮ್ಮಣ್ಣ ಸಾಲಕ್ಕೆ ಹೋದಾಗ. ‘ಕೊಟ್ಲು ಬಿಡು, ಇನ್ನು ಇವನ ತಿಥೀನೂ ಅವ್ಳೇ ಮಾಡ್ತಾಳೆ’ ಎಂದಳು ಚಿಕ್ಕಮ್ಮ, ಸಾಲ ಕೊಡುವ ಹೆಂಗಸನ್ನು ನೋಡಿ. ಕುರಿಗಳ ಲೆಕ್ಕ ಬಂದಾಗ ಅಡುಗೆಮನೆಯಿಂದ ಹೆಂಗಸರೆಲ್ಲ ಹೊರಗೆ ಬಂದರು. ಅಷ್ಟು ಜನಕ್ಕೆ ಅಷ್ಟು ಬಾಡು ಸಾಲುತ್ತದೋ ಇಲ್ಲವೋ ಎಂದು ಹತ್ತು ನಿಮಿಷ ವಾದ ನಡೆಯಿತು. ಸಿನಿಮಾ ತನ್ನ ಪಾಡಿಗೆ ಓಡುತ್ತಿತ್ತು. ಚಿಕ್ಕಪ್ಪನ ಮಗ, ಪೇಟೆಯ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವನು, ‘ಫೈಟಿಲ್ಲ, ಸಾಂಗಿಲ್ಲ, ಇದು ನಮ್ಮನೆ ವಿಡಿಯೋ ಇದ್ದಂಗೈತೆ’ ಎಂದು ಎದ್ದುಹೋದ. ಅವನದೂ ಒಂದು ಅಭಿಪ್ರಾಯವೇ. ಕುರಿಗಾರರ ಬಿಡಾರದಲ್ಲಿ ಗಡ್ಡಪ್ಪ ತನ್ನ ಬದುಕಿನ ಹಳೆಯ ಗಾಯವನ್ನು ಹೇಳಿಕೊಳ್ಳುವಾಗ ಮಾತ್ರ ಮನೆ ಗಪ್ಪಾಯಿತು. ಬೆಂಗಳೂರಿನಲ್ಲೂ ಅಷ್ಟೇ ಗಪ್ಪಾಗಿತ್ತು. ಎರಡು ಸಭೆಗಳೂ ಒಂದಾದ ಜಾಗ ಅದೊಂದೇ.

ಆಮೇಲೆ ಬಂತು ಮರಣಪತ್ರದ ಪ್ರಸಂಗ. ಗಂಡಸರು ಯಾರೂ ನಗಲಿಲ್ಲ. ದೊಡ್ಡಪ್ಪ ಹೊರಗೆ ಹೋಗಿ ಉಗುಳಿ ಬಂದರು. ಅಪ್ಪ ಪರದೆ ಬಿಟ್ಟು ತೊಲೆ ನೋಡುತ್ತಿದ್ದರು. ಬಾಗಿಲ ಬಳಿ ಗೋಡೆಗೊರಗಿ ಕೂತಿದ್ದ ಅತ್ತೆ ಒಬ್ಬಳೇ ನಕ್ಕಳು. ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಈಗ ಕಡತದ ವಿಷಯ ಹೇಳಬೇಕು.

ಸತ್ತವರನ್ನು ದಾಖಲೆ ಮಾಡುವುದು ನಮ್ಮ ಸೀಮೆಗೆ ಹೊಸದಲ್ಲ. ಮೊದಲು ಅದನ್ನು ಕಲ್ಲಿನಲ್ಲಿ ಮಾಡುತ್ತಿದ್ದರು. ದನ ಬಿಡಿಸಲು ಹೋಗಿ ಸತ್ತವನಿಗೆ, ಊರು ಕಾಯುತ್ತ ಸತ್ತವನಿಗೆ ವೀರಗಲ್ಲು ನಿಲ್ಲಿಸಿ ಹೆಸರು ಕೆತ್ತುತ್ತಿದ್ದರು. ನಮ್ಮಲ್ಲಿಂದ ಗಂಟೆಯ ದಾರಿಯಾದ ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಪಕ್ಕದಲ್ಲಿ ಗರುಡಗಂಬವಿದೆ. ದೊರೆ ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ಅವನ ದಂಡನಾಯಕ ಕುವರ ಲಕ್ಷ್ಮ, ಹೆಂಡತಿ ಮತ್ತು ಜೊತೆಯ ಗರುಡರು ಪ್ರಾಣ ಕೊಟ್ಟದ್ದರ ನೆನಪಿಗೆ ನಿಂತದ್ದು. ತಮ್ಮ ತಲೆಯನ್ನು ತಾವೇ ಕೊಯ್ದುಕೊಳ್ಳುತ್ತಿರುವ ಗಂಡಾಳುಗಳು ಅದರ ಮೇಲೆ ಈಗಲೂ ಕಾಣುತ್ತಾರೆ. ಕಲ್ಲಿನಲ್ಲಿ ಬರೆದವನು ಸತ್ತಿರಲೇಬೇಕು. ಬದುಕಿರುವವನಿಗೆ ವೀರಗಲ್ಲು ಹಾಕಿಸಲು ಬರುವುದಿಲ್ಲ, ಊರು ನಗುತ್ತದೆ.

ಕಾಗದ ಬಂದ ಮೇಲೆ ಅದು ಸುಲಭವಾಯಿತು. ಶಾನುಭೋಗರ ಲೆಕ್ಕ, 1961ರ ಕಾಯ್ದೆಯಿಂದ ವಂಶಪಾರಂಪರ್ಯದ ಶಾನುಭೋಗಿಕೆ ಹೋಗಿ ಸರ್ಕಾರಿ ಗ್ರಾಮಲೆಕ್ಕಿಗ, 1969ರಲ್ಲಿ ಜನನ ಮರಣ ನೋಂದಣಿಯ ಕಾಯ್ದೆ, 2000ದ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ಕಂಪ್ಯೂಟರ್ ಪಹಣಿ. ಒಂದೊಂದೂ ಒಳ್ಳೆಯದಕ್ಕೇ ಬಂದದ್ದು. ಭೂಮಿಯ ಯಜಮಾನ ಸತ್ತರೆ ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗಬೇಕು. ಅದಕ್ಕೆ ಎರಡು ಕಾಗದ ಮುಖ್ಯ. ಒಂದು ಮರಣಪತ್ರ, ಇನ್ನೊಂದು ವಂಶವೃಕ್ಷ. ಮೊದಲನೆಯದು ಯಾರು ಸತ್ತರು ಎಂದು ಹೇಳುತ್ತದೆ, ಎರಡನೆಯದು ಯಾರು ಹುಟ್ಟಿದರು ಎಂದು. ತಮ್ಮಣ್ಣ ಸುಳ್ಳು ಮಾಡಿಸಿದ್ದು ಮೊದಲನೆಯದನ್ನು. ನಮ್ಮ ಮನೆಯಲ್ಲಿ ಎರಡನೆಯದನ್ನು.

ತಾತ ತೀರಿಕೊಂಡದ್ದು 1996ರಲ್ಲಿ. ಮೂರನೇ ದಿನ ಹಾಲುತುಪ್ಪ, ಹನ್ನೊಂದನೇ ದಿನ ದಾಸಯ್ಯನ ಶಂಖ ಜಾಗಟೆಯೊಂದಿಗೆ ತಿಥಿ, ಎಲ್ಲ ಕ್ರಮದಂತೆ ಆಯಿತು. ಅತ್ತೆ ಹನ್ನೊಂದು ದಿನವೂ ಇದ್ದು ಪಾತ್ರೆ ತಿಕ್ಕಿದಳು. ಆಮೇಲೆ ಪೌತಿ ಖಾತೆಗೆ ಅರ್ಜಿ ಬರೆಯಬೇಕಾಯಿತು. ಮನೆಯಲ್ಲಿ ಡಿಗ್ರಿ ಮುಗಿಸಿದ್ದವನು ನಾನೊಬ್ಬನೇ, ಅಕ್ಷರ ಮುತ್ತಿನ ಹಾಗಿದೆ ಎಂದು ಹೆಸರಾಗಿದ್ದವನು. ದೊಡ್ಡಪ್ಪ ಹೇಳುತ್ತಾ ಹೋದರು, ನಾನು ವಂಶವೃಕ್ಷದ ಗೆರೆ ಎಳೆದೆ. ಮೇಲೆ ತಾತನ ಹೆಸರು, ಮುಂದೆ ‘ಮೃತ’. ಪಕ್ಕದಲ್ಲಿ ಅಜ್ಜಿಯ ಹೆಸರು, ಅದಕ್ಕೂ ‘ಮೃತ’. ಕೆಳಗೆ ಮೂರು ಕೊಂಬೆ, ಮೂರು ಗಂಡುಮಕ್ಕಳು. ‘ಅತ್ತೇದು?’ ಎಂದು ಕೇಳಿದೆ. ‘ಅವಳ್ನ ಸೇರಿಸಿದ್ರೆ ತಿಪಟೂರಿಂದ ಕರೆಸ್ಬೇಕು, ರುಜು ಹಾಕಿಸ್ಬೇಕು, ಅವಳ ಗಂಡ ಒಂದು ಮಾತು ತೆಗೀತಾನೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ. ಬಿಡು’ ಎಂದರು ದೊಡ್ಡಪ್ಪ. ಅಪ್ಪ ಏನೂ ಹೇಳಲಿಲ್ಲ. ನಾನು ಬಿಟ್ಟೆ. ಕೆಳಗೆ ‘ಮೇಲ್ಕಂಡವರ ಹೊರತು ಬೇರೆ ವಾರಸುದಾರರು ಇರುವುದಿಲ್ಲ’ ಎಂದು ದುಂಡಾಗಿ ಬರೆದೆ.

ಆಗ ಕಾನೂನು ಅವಳ ಕಡೆ ಇರಲಿಲ್ಲ ಎನ್ನುವ ಹಾಗೂ ಇಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಅಪ್ಪನ ಸ್ವಂತ ಪಾಲಿನಲ್ಲಿ ಮಗಳೂ ವಾರಸುದಾರಳು. 1994ರಲ್ಲಿ ಕರ್ನಾಟಕ ಅದಕ್ಕೆ ತಿದ್ದುಪಡಿ ಮಾಡಿ ಪಿತ್ರಾರ್ಜಿತದಲ್ಲೂ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು, ಅದಕ್ಕೆ ಮೊದಲೇ ಮದುವೆಯಾದವರನ್ನು ಬಿಟ್ಟು. 2005ರಲ್ಲಿ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಪಾಲು ಎಷ್ಟೆಂದು ವಕೀಲರು ವಾದ ಮಾಡಬಹುದಿತ್ತು. ಆದರೆ ಅವಳು ಹುಟ್ಟಿದ್ದಳೋ ಇಲ್ಲವೋ ಎಂಬುದು ವಾದದ ವಿಷಯವಾಗಿರಲಿಲ್ಲ.

ಬೆಂಗಳೂರಿನ ಆ ಕತ್ತಲೆಯಲ್ಲಿ ನಾನು ಮೈ ಹಿಡಿ ಮಾಡಿಕೊಂಡದ್ದು ಇದಕ್ಕೆ. ಪಕ್ಕದವರಿಗೆ ಅದು ದೂರದ ಹಳ್ಳಿಯ ತಮಾಷೆ. ನನಗೆ ನನ್ನ ಕೈಬರಹ ಕಾಣುತ್ತಿತ್ತು.

ಮಾರ್ಲಮಿಯ ದಿನ ಸಿನಿಮಾ ಮುಗಿದ ಮೇಲೆ ಒಬ್ಬೊಬ್ಬರೂ ತಮ್ಮ ಅಭಿಪ್ರಾಯ ಹೇಳಿದರು. ‘ತಪ್ಪೇನ್ ಮಾಡ್ದ ತಮ್ಮಣ್ಣ? ಮಕ್ಕಳು ಮರಿ ಇರೋನು. ಆ ಅಪ್ಪ ಒಂದು ರುಜು ಹಾಕಿದ್ರೆ ಇಷ್ಟೆಲ್ಲ ಆಗ್ತಿತ್ತಾ?’ ಎಂದರು ದೊಡ್ಡಪ್ಪ. ಆ ಮಾತನ್ನು ನಾನು ನಗರದಲ್ಲಿ ಯಾರ ಬಾಯಲ್ಲೂ ಕೇಳಿರಲಿಲ್ಲ. ಅಲ್ಲಿ ಎಲ್ಲರೂ ಗಡ್ಡಪ್ಪನ ಪಕ್ಷ. ಹೊಣೆಯಿಲ್ಲದೆ ನಡೆಯುವವನು ಪೇಟೆಯವರಿಗೆ ಸಂತನಂತೆ ಕಾಣುತ್ತಾನೆ. ಸಂತೆಗೆ, ಸಾಲಕ್ಕೆ, ಕಚೇರಿಗೆ ಅಲೆದು ಸವೆದವರಿಗೆ ತಮ್ಮಣ್ಣನ ಕಷ್ಟ ಕಾಣುತ್ತದೆ. ದೊಡ್ಡಪ್ಪ ಕೆಟ್ಟವರಲ್ಲ. ಅತ್ತೆಯ ಬಾಣಂತನಗಳನ್ನು ಮಾಡಿಸಿದವರು, ವರ್ಷವೂ ಗೌರಿಹಬ್ಬಕ್ಕೆ ಬಾಗಿನ ಕಳಿಸಿದವರು. ತಂಗಿಗೆ ಕೊಡಬೇಕಾದದ್ದನ್ನು ಕೊಟ್ಟಿದ್ದೇನೆಂದು ನಿಜವಾಗಿ ನಂಬಿದ್ದವರು.

‘ನಿಂಗೆ ಹೆಂಗನ್ನಿಸ್ತು ಅತ್ತೆ?’ ಎಂದೆ.

‘ಚೆನ್ನಾಗೈತೆ ಕಣ್ ಮಗ’ ಎಂದಳು, ಇನ್ನೂ ನಗುತ್ತಲೇ. ‘ಗಡ್ಡಪ್ಪನ್ನ ಸತ್ತೋದ ಅಂತಾನಾದ್ರೂ ಬರ್ದವ್ರೆ. ನನ್ನ ಹುಟ್ಟೇ ಇಲ್ಲ ಅಂತ ಬರ್ದಿದ್ರಲ್ಲ.’

ಅವಳಿಗೆ ಗೊತ್ತಿತ್ತು. ಇಪ್ಪತ್ತು ವರ್ಷವೂ ಗೊತ್ತಿತ್ತು. ಯಾರು ಹೇಳಿದರೋ, ಪಹಣಿ ಕಂಪ್ಯೂಟರಿಗೆ ಬಂದ ಮೇಲೆ ಯಾರು ತೆಗೆಸಿ ನೋಡಿದರೋ, ಅವಳು ಹೇಳಲಿಲ್ಲ. ಯಾರ ಅಕ್ಷರ ಎಂಬುದೂ ಗೊತ್ತಿದೆಯೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ದೊಡ್ಡಪ್ಪ ಎದ್ದು ಹಿತ್ತಿಲಿಗೆ ಹೋದರು. ಅಪ್ಪ ‘ಟೀ ಮಾಡ್ರವ್ವ’ ಎಂದರು.

ಸಿನಿಮಾ ನೋಡಿದವರ ಅಭಿಪ್ರಾಯ ಎಂದು ನಾವು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದು ಚೆನ್ನಾಗಿದೆ, ನಿಧಾನ, ನ್ಯಾಚುರಲ್ ಎಂಬ ಮಾತುಗಳನ್ನು. ನಕ್ಕದ್ದು ಎಲ್ಲಿ, ನಗದೆ ಉಳಿದದ್ದು ಎಲ್ಲಿ ಎಂದು ಯಾರೂ ಬರೆದಿಡುವುದಿಲ್ಲ. ‘ಸಂಸ್ಕಾರ’ವನ್ನು ತಡೆದವರ ಹೆದರಿಕೆ ದಾಖಲೆಯಲ್ಲಿದೆ. ‘ತಿಥಿ’ಯನ್ನು ಯಾರೂ ತಡೆಯಲಿಲ್ಲ, ಹಾಸ್ಯಚಿತ್ರವಲ್ಲವೇ. ಅದು ನಮ್ಮ ಹಾಲ್‌ಗೆ ಬಂದು, ಮೂವರು ಗಂಡಸರನ್ನು ಸುಮ್ಮನಾಗಿಸಿ, ಒಬ್ಬ ಹೆಂಗಸನ್ನು ನಗಿಸಿ ಹೋಯಿತು.

ಎರಡು ವರ್ಷದ ನಂತರ ನಮ್ಮ ನಮ್ಮಲ್ಲೇ ವಿಭಾಗದ ಮಾತು ಬಂದಾಗ ವಂಶವೃಕ್ಷವನ್ನು ಹೊಸದಾಗಿ ಮಾಡಿಸಬೇಕಾಯಿತು. ಈ ಸಲವೂ ಅರ್ಜಿ ಬರೆದವನು ನಾನೇ. ನಾಲ್ಕು ಕೊಂಬೆ ಎಳೆದೆ. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ನೋಡಿದರು, ಏನೂ ಹೇಳಲಿಲ್ಲ. ಅತ್ತೆಯನ್ನು ಕರೆಸಿದೆವು. ಅವಳು ಎಲ್ಲವನ್ನೂ ಓದಿಸಿ ಕೇಳಿ, ತನ್ನ ಹೆಸರಿನ ಮೇಲೆ ಒಮ್ಮೆ ಬೆರಳಾಡಿಸಿ, ಅದೇ ದಿನ ಅಣ್ಣತಮ್ಮಂದಿರ ಪರವಾಗಿ ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿಬಿಟ್ಟಳು. ನಾನು ಬೇಡವೆಂದು ಎಷ್ಟು ಹೇಳಿದರೂ ಕೇಳಲಿಲ್ಲ.

‘ಹಂಗಾದ್ರೆ ಹೆಸರು ಸೇರಿಸಿದ್ದಾದ್ರೂ ಯಾಕತ್ತೆ?’ ಎಂದೆ, ಬಸ್ಸು ಹತ್ತಿಸಲು ಹೋದಾಗ.

‘ಬಿಟ್ಕೊಡಕಾದ್ರೂ ನಾನು ಇರ್ಬೇಕಲ್ವೇನಪ್ಪ’ ಎಂದಳು.